ಆರನೇ ಗುರಿಯ ಬಾಗಿಲು

ವಿಶ್ವಸಂಸ್ಥೆಯ ಹದಿನೇಳು ಸುಸ್ಥಿರ ಅಭಿವೃದ್ಧಿ ಗುರಿಗಳ ಪೋಸ್ಟರ್ ಅಂಟಿಸಿ, ಜನರಿಗೆ ವಿವರಿಸಿ ಬರುವುದು ಆಗ ನನ್ನ ಕೆಲಸ. ಮುಂಬೈನ ದಹಿಸರಿನಲ್ಲಿ ಚಾಳ್ ಎನ್ನುವ ಒಂದು ವಠಾರದಲ್ಲಿ ಕಲಬುರ್ಗಿ ಕಡೆಯ ರಜಿಯಾಬಿ ಹೊಲಿಗೆ ಮಶಿನ್ ನಿಲ್ಲಿಸಿ ಕೇಳಿದರು: "ಇದರಾಗ ಸಂಡಾಸ್ ಯಾವ ನಂಬರ್ರಿ?"

"ಆರು. ಶುದ್ಧ ನೀರು, ಶೌಚಾಲಯ."

"ನಮ್ಮ ಸಂಡಾಸಿಗೆ ಬಾಗಿಲಾನ ಇಲ್ರಿ. ಒಬ್ಬಾಕಿ ಒಳಗ ಹೋದ್ರ ಇನ್ನೊಬ್ಬಾಕಿ ಚಾದರ ಹಿಡಕೊಂಡು ನಿಂದರಬೇಕು. ಒಂದು ಅರ್ಜಿ ಬರದ ಕೊಡ್ರಿ."

"ಆಪಾ, ನಾವು ತಿಳಿವಳಿಕೆ ಮಾತ್ರ ಕೊಡೋದು," ಎಂದೆ.

"ತಿಳೀತಲ್ರಿ. ಮುಂದ?"

ಅವರ ಮಶಿನ್ ಮೇಲೆಯೇ ಕಾಗದವಿಟ್ಟು ಮರಾಠಿಯಲ್ಲಿ ಅರ್ಜಿ ಬರೆದುಕೊಟ್ಟೆ. ಮರುದಿನ ಅವರು ಪೋಸ್ಟರನ್ನೂ ಗೋಡೆಯಿಂದ ಬಿಡಿಸಿಕೊಂಡು, ಚಾಳಿನ ಹೆಂಗಸರೊಂದಿಗೆ ವಾರ್ಡ್ ಆಫೀಸಿಗೆ ಹೋದರಂತೆ. ಸಾಹೇಬರ ಮೇಜಿನ ಮೇಲೆ ಅದನ್ನು ಹರಡಿ, ಆರರ ಮೇಲೆ ಬೆರಳಿಟ್ಟು ಕೂತೇಬಿಟ್ಟರಂತೆ.

ಹದಿನೈದು ದಿನಕ್ಕೆ ಫೋನ್ ಬಂತು. "ಬಾಗಿಲಾ ಕೂಡಿಸ್ಯಾರ್ರಿ! ಒಳಗ ಚಿಲಕಾನೂ ಐತಿ!" ಹಿಂದಿನಿಂದ ಹೆಂಗಸರ ನಗು ಕೇಳುತ್ತಿತ್ತು. ನನಗೆ ಕಣ್ಣು ತುಂಬಿತು.

ಪರೇಲಿನ ನಮ್ಮ ಆಫೀಸಿನಲ್ಲಿ ವರದಿ ತುಂಬಲು ಕೂತೆ. ಎಷ್ಟು ಪೋಸ್ಟರ್ ಅಂಟಿಸಿದಿರಿ, ಎಷ್ಟು ಜನ ಕೇಳಿಸಿಕೊಂಡರು ಎಂಬುದಕ್ಕೆಲ್ಲ ಕಾಲಂ ಇತ್ತು. ಏನಾದರೂ ಆಯಿತೇ ಎಂದು ಕೇಳುವ ಕಾಲಂ ಮಾತ್ರ ಇರಲಿಲ್ಲ. 'ಇತರೆ' ಎಂಬಲ್ಲಿ ಬರೆದೆ: ಒಂದು ಬಾಗಿಲು.