ಕುಸುಬಿ ಎಣ್ಣೆ ಮತ್ತು ನಾಲ್ಕು ಸ್ಕ್ರೂ

ಬಸವನ ಬಾಗೇವಾಡಿಯಲ್ಲಿ ಸಾಲಿ ಮಾಸ್ತರನಾಗಿದ್ದಾಗ ನಾನೊಂದು ಹಳೆಯ ಮೋಟಾರ್‌ಸೈಕಲ್ ಕೊಂಡೆ. ಯುದ್ಧಕಾಲದ ಗಾಡಿ. ಇಂಡಿ ಊರಿನ ಕಂತ್ರಾಟುದಾರರೊಬ್ಬರ ಕೊಟ್ಟಿಗೆಯಲ್ಲಿ ಎಷ್ಟೋ ವರ್ಷ ಎಮ್ಮೆಗಳ ಗಂಜಲದಲ್ಲಿ ನೆನೆದು ನಿಂತಿತ್ತು. ಲಾರಿಯಿಂದ ಇಳಿಸಿದ ದಿನ ಹೆಂಡತಿ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದರ ಮ್ಯಾಲೆ ಕುಂತವರಿಗೆ ಧನುರ್ವಾಯು ಗ್ಯಾರಂಟಿ" ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. ಸಂತೆಗೆಂದು ಬಂದಿದ್ದ ಆಕೆಯ ಅಣ್ಣ ಅಲ್ಲೇ ನಿಂತಿದ್ದ. "ಈ ಸಲ ಪಂಚಮಿಗೆ ತಂಗೀನ ಕರಿಯಾಕ ಬಂಡಿ ತರಬ್ಯಾಡ್ರಿ. ನಾನೇ ಇದರ ಮ್ಯಾಲೆ ನಿಮ್ಮೂರು ಮಸೂತಿಗೆ ಕರಕೊಂಡು ಬರ್ತೇನಿ" ಎಂದುಬಿಟ್ಟೆ.

ಹೆಂಡತಿಯ ಮುಖ ಸಪ್ಪಗಾಯಿತು. ಜೋಕಾಲಿ, ಉಂಡಿ, ತವರಿನ ಗೆಳತಿಯರು; ಪಂಚಮಿಗಾಗಿ ಆಕೆ ವರ್ಷವಿಡೀ ಕಾಯುತ್ತಿದ್ದಳು. ಅದನ್ನೀಗ ಎಮ್ಮೆಯಷ್ಟೂ ಅಲುಗಾಡದ ಒಂದು ಯಂತ್ರಕ್ಕೆ ಕಟ್ಟಿಹಾಕಿದ್ದೆ.

ಗಾಡಿಯಲ್ಲಿ ಕಿಡಿ ಹುಟ್ಟುತ್ತಿರಲಿಲ್ಲ. ಕಿಡಿ ಹುಟ್ಟಿಸುವ ಡಬ್ಬಿಯ ಮುಚ್ಚಳಕ್ಕೆ ನಾಲ್ಕು ಸ್ಕ್ರೂ, ನಾಲ್ಕಕ್ಕೂ ತುಕ್ಕು. ಮೈಯೆಲ್ಲ ಬಲ ಹಾಕಿ ತಿರುವಿದರೆ ನನ್ನ ಮಣಿಕಟ್ಟು ತಿರುಗಿತೇ ಹೊರತು ಅವು ಜಪ್ಪಯ್ಯ ಅನ್ನಲಿಲ್ಲ. ನನಗೆ ಗೊತ್ತಿದ್ದ ಔಷಧ ಒಂದೇ, ಎಣ್ಣೆ. ನಮ್ಮ ಮನೆಯಲ್ಲಿ ಎಣ್ಣೆ ಎಂದರೆ ಕುಸುಬಿ ಎಣ್ಣೆ. ಚಟ್ನಿಗೂ ಅದೇ, ದೀಪಕ್ಕೂ ಅದೇ. ಬಟ್ಟಲು ತುಂಬ ತಂದು ಸ್ಕ್ರೂಗಳಿಗೆ ಅಭ್ಯಂಜನ ಮಾಡಿಸಿದೆ.

"ಅಲ್ರೀ, ಆ ಎಣ್ಣಿ..." ಎಂದಳು ಆಕೆ.

"ಅಡಿಗಿಮನಿ ಎಣ್ಣಿ ಮುಗಿದ್ರ ಮುಗೀಲಿ. ಯಂತ್ರದ ಮಾತಿನಾಗ ನೀ ಬರಬ್ಯಾಡ."

ಆಕೆ ಒಳಗೆ ಹೋದಳು. ಬೇಸಿಗೆ ರಜೆ ಪೂರ್ತಿ ನಾನು ದಿನಾ ಎಣ್ಣೆ ಹಚ್ಚಿ ಗಾಡಿಯನ್ನು ಬಿಸಿಲಿಗೆ ನಿಲ್ಲಿಸಿದೆ. ಸ್ಕ್ರೂಗಳು ಹೊಂಬಣ್ಣಕ್ಕೆ ತಿರುಗಿ ಮಿರಿಮಿರಿ ಮಿಂಚಿದವು. ಗುಣವಾಗುತ್ತಿವೆ ಎಂದು ಬೀಗಿದೆ.

ಪಂಚಮಿಗೆ ವಾರ ಉಳಿದಾಗಲೂ ಒಂದೂ ಅಲುಗಲಿಲ್ಲ. ಸೋತು, ಬಾವಿಯ ಇಂಜಿನ್ ರಿಪೇರಿ ಮಾಡುವ ಸಾಹೇಬರನ್ನು ಕರೆತಂದೆ. ಅವರು ಉಗುರಿನಿಂದ ಸ್ಕ್ರೂ ಕೆರೆದು, ಮೂಸಿ ನೋಡಿ, ಹಣೆ ಚಚ್ಚಿಕೊಂಡರು.

"ಮಾಸ್ತರ್ರ, ಇದು ಕುಸುಬಿ ಎಣ್ಣಿ ಅಲ್ರಿ? ಬಿಸಿಲಿಗೆ ಒಣಗಿ ಅರಗಿನಂಗ ಗಟ್ಟಿ ಆಕ್ಕೈತಿ. ನೀರೆತ್ತೋ ತೊಗಲಿನ ಚೀಲಕ್ಕ ಇದನ್ನ ಹಚ್ಚತಾರ, ನೀರು ಸೋರಬಾರದಂತ. ನೀವು ಸ್ಕ್ರೂ ಬಿಚ್ಚಾಕತ್ತಿಲ್ಲ, ಅಂಟಿಸಾಕತ್ತೀರಿ!"

ಬಾಗಿಲ ಹಿಂದೆ ಕಿಸಕ್ಕನೆ ನಗು ಕೇಳಿತು.

"ನಮ್ಮಪ್ಪ ವರ್ಷಾ ವರ್ಷಾ ಬಾವಿ ಚೀಲಕ್ಕ ಹಚ್ಚತಿದ್ದ" ಎಂದಳು ಹೆಂಡತಿ. "ಅದನ್ನೇ ಹೇಳಾಕ ಬಂದಿದ್ನಿ. ನೀವು ಹೇಳಾಕ ಬಿಟ್ರೇನು?"

"ಮತ್ತ ಪಂಚಮಿ?"

"ಬಂಡಿ ಬರ್ತೈತಿ. ನೀವು ಎಣ್ಣಿ ಬಟ್ಟಲ ಹಿಡಿದ ವಾರಾನೇ ಸಂತಿಗೆ ಬಂದವರ ಕೈಯಾಗ ಹೇಳಿ ಕಳಿಸೇನಿ."

ಸಾಹೇಬರ ಎದುರು ನನ್ನ ಮಾನ ಮೂರು ಕಾಸಿಗೆ ಹೋಯಿತು. ಆದರೂ ಆಕೆಯ ಹಬ್ಬ ನನ್ನಿಂದ ತಪ್ಪಲಿಲ್ಲವಲ್ಲ ಎಂದು ಜೀವಕ್ಕೆ ಸಮಾಧಾನವಾಯಿತು.

ಆಕೆ ಬಂಡಿ ಹತ್ತಿ ಹೋದ ಮೇಲೆ ಸಾಹೇಬರು ಕೆಲಸ ಹಿಡಿದರು. ಕೆಂಪಗೆ ಕಾಸಿದ ಸಲಾಕೆಯನ್ನು ಸ್ಕ್ರೂ ತಲೆಗೆ ಒತ್ತಿದರು. ಗಟ್ಟಿ ಎಣ್ಣೆ ಹೊಗೆಯಾಡಿತು, ಓಣಿಗೆಲ್ಲ ಒಗ್ಗರಣೆ ವಾಸನೆ. ಸುತ್ತಿಗೆಯಿಂದ ನಾಲ್ಕು ಏಟು ಹಾಕಿ, ಬಿಚ್ಚುವ ಬದಲು ತುಸು ಬಿಗಿದರು. ನಾನು ಹಾಂ ಹಾಂ ಎಂದೆ. "ಸುಮ್ಕಿರ್ರಿ. ಮೊದಲ ಬಿಗಿದ್ರ ಹಿಡಿತ ಬಿಡತೈತಿ" ಎಂದು ಹಿಂದಕ್ಕೆ ತಿರುವಿದರು. ಕಟ್ ಎಂದು ಬಿಟ್ಟುಕೊಂಡಿತು. ಮೂರು ಅವತ್ತೇ ಬಂದವು. ನಾಲ್ಕನೆಯದು ಇನ್ನೂ ಎರಡು ದಿನ ಸತಾಯಿಸಿತು. ಮುಚ್ಚಳ ತೆಗೆದು ಒಳಗಿನ ತುಕ್ಕು ಉಜ್ಜಿದ್ದೇ ಕಿಡಿ ಹುಟ್ಟಿತು.

ಹಬ್ಬ ಮುಗಿದ ಮೇಲೆ ಗಾಡಿ ಗುಡುಗಿಸುತ್ತಾ ಮಸೂತಿಗೆ ಹೋದೆ. ಮಾವನ ಮನೆಯ ಮುಂದೆ ಅದು ನಿಲ್ಲಲಿಲ್ಲ. ಮೇವಿನ ಬಣವೆಗೆ ಹೊಕ್ಕು ನಿಂತಿತು. ತಲೆಯಿಂದ ಕಣಿಕೆ ಕೊಡವಿಕೊಳ್ಳುತ್ತಾ, ಬೇಕೆಂದೇ ಅಲ್ಲಿ ನಿಲ್ಲಿಸಿದವನಂತೆ ಇಳಿದೆ.

ಹೆಂಡತಿ ಬಂದು ಗಾಡಿ ನೋಡಿದಳು, ಬಣವೆ ನೋಡಿದಳು, ನನ್ನನ್ನು ನೋಡಿದಳು.

"ಸ್ಕ್ರೂ ಬಿಟ್ಟು ಮತ್ತ ಎಲ್ಲೆಲ್ಲಿ ಹಾಕೀರಿ ಆ ಎಣ್ಣಿ?"

ಸುಳ್ಳು ಹೇಳಲು ಧೈರ್ಯವಾಗಲಿಲ್ಲ. "ಬ್ರೇಕಿನ ತಂತಿಗೆ" ಎಂದೆ.

"ಅಣ್ಣಾ, ಬಂಡಿ ಹೂಡೋ" ಎಂದಳು.

ಮೋಟಾರ್‌ಸೈಕಲ್ಲನ್ನು ಬಂಡಿಯಲ್ಲಿ ಮಲಗಿಸಿ, ಪಕ್ಕದಲ್ಲೇ ಕುಳಿತು ಪಂಚಮಿ ಉಂಡಿ ತಿನ್ನುತ್ತಾ ಊರಿಗೆ ಹೊರಟೆವು. ಬಾಗೇವಾಡಿ ಮುಟ್ಟುವವರೆಗೂ ಆಕೆಯೇ ಮಾತಾಡಿದಳು. ನಾನು ನಡುವೆ ಬಾಯಿ ಹಾಕಲಿಲ್ಲ.