ನಾನು ಹೇಳಿದ ಹೆಸರು

ಮೇಲಿನ ಮನೆ ಆಂಟಿಯ ಮುಂದಿನ ಹಲ್ಲು ಓರೆಯಾಗಿ ಮುರಿದಿತ್ತು. ನಕ್ಕರೆ ಆ ಸಂದಿಯಲ್ಲಿ ನಾಲಗೆಯ ತುದಿ ಕಾಣುತ್ತಿತ್ತು. "ಕಟ್ಟಿಸಿಕೊಳ್ಳಿ" ಎಂದು ಯಾರಾದರೂ ಹೇಳಿದರೆ, "ಇದ್ದದ್ದರಾಗ ರೊಟ್ಟಿ ಮುರೀತೈತಿ, ಸಾಕು" ಎನ್ನುತ್ತಿದ್ದರು. ಆ ಹಲ್ಲು ಮುರಿದವರು ನಮ್ಮ ಚಿಕ್ಕಪ್ಪ. ಮುರಿಸಿದವಳು ನಾನು.

ಮದ್ರಾಸಿನ ಅಂಬತ್ತೂರಿನಲ್ಲಿ ನಾವು ಕೆಳಗಿನ ಫ್ಲ್ಯಾಟು, ಅವರು ಮೇಲಿನದು. ಗದಗಿನ ಕಡೆಯವರು, ಒಂಟಿ ಹೆಂಗಸು. ಅಲ್ಲಿನ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಪೇಂಟ್ ಫ್ಯಾಕ್ಟರಿಯ ಲ್ಯಾಬಿನಲ್ಲಿ ಕೆಲಸ. ಯಾವ ಸ್ಯಾಂಪಲ್ಲನ್ನೂ ಮೂರು ಸಲ ಪರೀಕ್ಷಿಸದೆ ಸಹಿ ಹಾಕುತ್ತಿರಲಿಲ್ಲವಂತೆ. ಮನೆಯಲ್ಲೂ ಅದೇ ಚಾಳಿ. ನನಗೆ ಗಣಿತ ಹೇಳಿಕೊಡುವಾಗ ಉತ್ತರ ಸರಿ ಬಂದರೂ, "ಮತ್ತೊಮ್ಮೆ ಮಾಡು, ಒಮ್ಮೆ ಬಂದದ್ದು ನಂಬಬ್ಯಾಡ" ಎಂದು ಜೀವ ತಿನ್ನುತ್ತಿದ್ದರು. ಬೆಳಿಗ್ಗೆ ಪೂಜೆಯ ಹೊತ್ತಿನಲ್ಲಿ ಮಾತ್ರ ಯಾವ ತಕರಾರೂ ಇಲ್ಲ. ಹಣೆಗೆ ವಿಭೂತಿ ಹಚ್ಚಿ, ಕೊರಳಲ್ಲಿ ಕಟ್ಟಿಕೊಂಡ ಇಷ್ಟಲಿಂಗವನ್ನು ಬಿಚ್ಚಿ ಎಡಗೈ ಮೇಲಿಟ್ಟುಕೊಂಡು, ಅರ್ಧ ಗಂಟೆ ಅದನ್ನೇ ನೋಡುತ್ತಾ ಕೂರುತ್ತಿದ್ದರು.

ಮೂರು ತಲೆಮಾರಿನಿಂದ ಮದ್ರಾಸಿನಲ್ಲಿದ್ದ ನಮ್ಮ ವೈಷ್ಣವರ ಮನೆಯಲ್ಲಿ ಇಂಥ ಪೂಜೆಯನ್ನು ಯಾರೂ ಕಂಡಿರಲಿಲ್ಲ. ಅಮ್ಮ ಒಮ್ಮೆ ಸಕ್ಕರೆ ಕೇಳಲು ಹೋದವರು ಬಾಗಿಲ ಸಂದಿಯಿಂದ ನೋಡಿ ಓಡಿ ಬಂದು, ತಮಿಳು ಬೆರೆತ ತಮ್ಮ ಕನ್ನಡದಲ್ಲಿ ಹೇಳಿದರು: "ಕೈಯಲ್ಲಿ ಏದೋ ಕರೀ ಉಂಡೆ ಇಟ್ಕೊಂಡು ಮುಣುಮುಣು ಅಂತಾಳೆ. ಚುಮ್ಮಾ ಯಾರಾದ್ರೂ ಹಾಗೆ ಕೂರ್ತಾರಾ?"

ನಾನು ಪ್ಲಸ್ ಟೂನಲ್ಲಿದ್ದಾಗ ಫಿಟ್ಸ್ ಶುರುವಾಯಿತು. ಅಪ್ಪ ಇಲ್ಲದ ಮನೆಯಲ್ಲಿ ಚಿಕ್ಕಪ್ಪನದೇ ಮಾತು. ಡಾಕ್ಟರ ಹತ್ತಿರ ಹೋದರೆ ನಾಲ್ಕು ಜನಕ್ಕೆ ತಿಳಿದು ನನ್ನ ಮದುವೆ ಕೆಡುತ್ತದೆ ಎಂದು, ಒಂದು ಅಮಾವಾಸ್ಯೆಯ ಮಧ್ಯಾಹ್ನ ಮಂತ್ರವಾದಿಯನ್ನು ಕರೆತಂದರು. ಅವನು ನಿಂಬೆಹಣ್ಣು ಕೊಯ್ದ, ರಕ್ತ ಸುರಿಯಿತು. ಅಮ್ಮ ಕಿರುಚಿಕೊಂಡರು. ಆಮೇಲೆ ಅವನು ನನ್ನ ಜಡೆ ಹಿಡಿದು, ಮುಖವನ್ನು ಮೆಣಸಿನಕಾಯಿ ಹೊಗೆಗೆ ಒತ್ತಿ, ಬೆತ್ತದಿಂದ ಬೆನ್ನಿಗೆ ಬಾರಿಸತೊಡಗಿದ. "ಯಾರು ಅನುಪ್ಪಿಚ್ಚಾ? ಪೇರು ಸೊಲ್ಲು!" ಮೈಮೇಲಿನ ದೆವ್ವವನ್ನು ಯಾರು ಕಳಿಸಿದ್ದು, ಹೆಸರು ಹೇಳು ಎಂದು ಒಂದೇ ಸಮ. ಕೊನೆಗೆ ಅಂಗೈ ಮೇಲೆ ಕರ್ಪೂರ ಹಚ್ಚಿದ. ನನ್ನದೇ ಚರ್ಮ ಸುಡುವ ವಾಸನೆ ಮೂಗಿಗೆ ಬಂತು. ಹೆಸರು ಹೇಳಿದರೆ ಬಿಡುತ್ತಾರೆ ಎಂದಷ್ಟೇ ಹೊಳೆಯಿತು. ಅಮ್ಮನ ಅನುಮಾನ ಯಾರ ಮೇಲೆಂದು ನನಗೆ ಗೊತ್ತಿತ್ತು. "ಮೇಲಿನ ಮನೆ ಆಂಟಿ" ಎಂದುಬಿಟ್ಟೆ.

ಚಿಕ್ಕಪ್ಪ ಎರಡೆರಡು ಮೆಟ್ಟಿಲು ಹಾರಿ ಹೋದರು. ಆಂಟಿಯ ಕೂದಲು ಹಿಡಿದು ದರದರ ಎಳೆದು ತಂದು, ನನ್ನ ಮುಂದೆ ಕೆಡವಿ, ಬಾಯಿಗೆ ಒದ್ದರು. ಹಲ್ಲಿನ ಚೂರು ಮಂತ್ರವಾದಿಯ ರಂಗೋಲಿ ಮೇಲೆ ಬಿತ್ತು. "ಮಾಟ ತೆಗೀತೀಯಾ, ಇಲ್ಲೇ ಸಾಯ್ತೀಯಾ?" ಎಂದು ಮತ್ತೆ ಕಾಲೆತ್ತಿದರು.

ಆಂಟಿ ರಕ್ತ ಉಗುಳಿ ನನ್ನ ಅಂಗೈ ನೋಡಿದರು, ಆಮೇಲೆ ನಿಂಬೆಹಣ್ಣನ್ನು. ಗೋಡೆ ಹಿಡಿದು ಎದ್ದು ನಮ್ಮ ಅಡುಗೆಮನೆಯಿಂದ ಚಾಕು ತಂದರು. ಎಲ್ಲರೂ ಹೆದರಿ ಹಿಂದೆ ಸರಿದರು. ಅವರು ಅದನ್ನು ಮಂತ್ರವಾದಿಯ ಕಾಲ ಬಳಿ ಎಸೆದರು. "ಈ ಚಾಕೂಲೆ ಕೊಯ್ಯಿ. ಮೂರು ಹಣ್ಣು. ಒಂದರಾಗ ರಕ್ತ ಬಂದ್ರೂ ನನ್ನ ಸಾಯಿಸ್ರಿ."

ಅವನು ಮುಟ್ಟಲಿಲ್ಲ. ಅವನು ತಂದಿದ್ದ ಹಣ್ಣುಗಳಲ್ಲಿ ಮೂರನ್ನು ಅವರೇ ನಮ್ಮ ಚಾಕುವಿನಿಂದ ಕೊಯ್ದರು. ಬರೀ ರಸ. ನಾಲ್ಕನೆಯದನ್ನು ಅವನ ಚಾಕುವಿನಿಂದ ಕೊಯ್ದರು, ಕೆಂಪಗೆ ಸುರಿಯಿತು. "ಚಾಕೂಗೆ ದಾಸವಾಳದ ಹೂ ತಿಕ್ಕಿ ಒಣಗಿಸ್ಯಾನ. ಹುಳಿ ತಾಗಿದ ಕೂಡ್ಲೆ ಕೆಂಪಾಗ್ತೈತಿ." ಮಂತ್ರವಾದಿ ಚಪ್ಪಲಿ ಬಿಟ್ಟು ಓಡಿದ. ಆಂಟಿ ಅದೇ ರಕ್ತದ ಸೀರೆಯಲ್ಲಿ ನನ್ನನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಮಾತ್ರೆ ಶುರುವಾಗಿ ಕೆಲವು ತಿಂಗಳಲ್ಲಿ ಫಿಟ್ಸ್ ನಿಂತಿತು.

ಎಷ್ಟೋ ದಿನದ ಮೇಲೆ ಅಮ್ಮ ಹೋಗಿ ಅವರ ಕಾಲು ಹಿಡಿದರು. ಆದರೂ ಸುಮ್ಮನಿರಲಾರದೆ, "ದೇವರಿದಾನೆ ಅಂತೀರ, ಮಾಟ ಮಾತ್ರ ಇಲ್ಲ ಅಂತೀರ, ಅದೆಪ್ಪಡಿ, ಹೇಗೆ?" ಎಂದು ಕೇಳಿದರು.

"ಲಿಂಗ ನಾ ಕೈಯಾಗ ಹಿಡ್ಕೋತೀನ್ರಿ, ಯಾರ ಮ್ಯಾಲೂ ಒಗಿಯೂದಿಲ್ಲ" ಎಂದರು ಆಂಟಿ. "ಮಾಟ ಅಂದ್ರ, ಈ ಹುಡುಗಿ ಕೈ ಸುಟ್ಟದ್ದ ಮಾಟ. ಮಾಡ್ಸಿದವರು ನೀವು."

ಹೆಸರು ಹೇಳಿದ್ದು ನಾನೆಂದು ಮನೆಯಲ್ಲಿ ಯಾರೂ ಅವರಿಗೆ ಹೇಳಲಿಲ್ಲ. ನನಗೂ ಬಾಯಿ ಬರಲಿಲ್ಲ. ಕಳೆದ ವರ್ಷ ಕ್ಯಾನ್ಸರಿನಿಂದ ಅವರು ಹಾಸಿಗೆ ಹಿಡಿದಾಗ, ಗಂಜಿ ಕುಡಿಸುತ್ತಾ ಅಳುತ್ತಾ ಹೇಳಿದೆ.

"ಗೊತ್ತೈತವಾ. ಅವತ್ತ ಮ್ಯಾಲೆ ಕೇಳಿಸಿತ್ತು" ಎಂದರು. "ಛಲೋ ಆತು. ಬ್ಯಾರೆಯವರ ಹೆಸರು ಹೇಳಿದ್ರ, ನನ್ನ ಯಾರು ನಿನ್ನ ಹತ್ರ ಎಳಕೊಂಡು ಬರ್ತಿದ್ರು?"

ಹತ್ತು ದಿನಕ್ಕೆ ತೀರಿಕೊಂಡರು. ಅವರ ಕಡೆಯ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಿದರು. ಚಿಕ್ಕಪ್ಪನೂ ಬಂದಿದ್ದರು. ಮುದುಕರಾಗಿದ್ದಾರೆ; ಹಿಡಿಮಣ್ಣು ಹಾಕಿ ಏಳುವಾಗ ಆಸರೆಗೆ ಕೈ ಚಾಚಿದರು. ಪಕ್ಕದಲ್ಲೇ ನಿಂತಿದ್ದೆ. ಆ ಕೈಯನ್ನು ಹಿಡಿದುಕೊಳ್ಳಲು ನನಗೆ ಮನಸ್ಸಾಗಲಿಲ್ಲ.