ಮಾತಿಲ್ಲದ ಲಾರೂಸಿಯ ಹೆಣಿಗೆ

ನಮ್ಮ ಭಾವ ಲಾರೂಸಿ ಮಾತಿನಲ್ಲಿ ಮಹಾ ಜಿಪುಣರು. ನನ್ನ ಅಕ್ಕ ದಲೆಂದಾಳನ್ನು ನೋಡಲು ಬಂದ ದಿನ ಅವರ ಬಾಯಿಂದ ಹೊರಟಿದ್ದು ಒಂದೇ ಮಾತು, "ಕಾಫಿ ಚೆನ್ನಾಗಿದೆ." ಆ ಕಾಫಿ ಮಾಡಿದವನು ನಾನು. ಆವತ್ತಿನಿಂದ ಅವರ ಮೇಲೆ ನನಗೆ ಪ್ರೀತಿ, ಅಕ್ಕನಿಗೆ ಸಣ್ಣ ಮುನಿಸು. ಈಗ ನಾನು ಟ್ಯೂನಿಸ್‌ನ ಟೋಪಿ ಬೀದಿಯ ನಡುವೆ ಕಾಫಿ ಅಂಗಡಿ ಇಟ್ಟಿದ್ದೇನೆ. ಎದುರಿಗೇ ಭಾವನ ಟೋಪಿ ಅಂಗಡಿ. ನೋಡಬೇಕಾದ್ದು, ನೋಡಬಾರದ್ದು ಎಲ್ಲವೂ ನನ್ನ ಕಣ್ಣಿಗೆ ಬೀಳುತ್ತದೆ.

ಬಾಯಿ ಸುಮ್ಮನಿದ್ದರೂ ಭಾವನ ಕೈ ಸುಮ್ಮನಿರುವ ಜಾತಿಯದಲ್ಲ. ಅಂಗಡಿ ಬಾಗಿಲು ಹಾಕಿದ ಮೇಲೆ ಏನಾದರೊಂದು ಹೊಸದು ಕಲಿಯುವ ಚಟ. ಒಂದು ಬೇಸಿಗೆಯಲ್ಲಿ ಮಲ್ಲಿಗೆ ಗೊಂಚಲು ಕಟ್ಟಲು ಕಲಿತರು. ಸಂಜೆ ಗಂಡಸರು ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುವ ಗೊಂಚಲು ಅದು, ಕಿವಿಯ ಮೇಲೆಯೇ ಮೊಗ್ಗು ಬಿರಿಯಬೇಕು. ಭಾವ ದಾರ ಬಿಗಿದ ರೀತಿಗೆ ಮೊಗ್ಗುಗಳು ಬಿರಿಯುವ ಆಸೆಯನ್ನೇ ಬಿಟ್ಟು ಕಂದಿಹೋದವು. ಇನ್ನೊಂದು ವರ್ಷ ಮೆಣಸಿನಕಾಯಿ ಅರೆದು ಹರೀಸಾ ಚಟ್ನಿ ಮಾಡಿ ಜಾಡಿಗೆ ತುಂಬಿದರು. ಅದರ ಮುಚ್ಚಳವನ್ನು ಇವತ್ತಿನವರೆಗೂ ಯಾರಿಂದಲೂ ತೆಗೆಯಲಾಗಿಲ್ಲ. ನನ್ನ ಅಂಗಡಿಯ ಗೋಡೆ ಗಡಿಯಾರವನ್ನೂ ಬಿಡದೆ ರಿಪೇರಿ ಮಾಡಿದರು. ಅದು ಈಗ ಅಲಂಕಾರಕ್ಕಿದೆ.

ಇವೆಲ್ಲ ತಮಾಷೆಯ ಮಾತಾಯಿತು. ಈ ವರ್ಷ ಅವರು ಕಲಿಯಲು ಹೊರಟಿದ್ದು ಮಾತ್ರ ತಮಾಷೆಯದಾಗಿರಲಿಲ್ಲ.

ನಮ್ಮ ಕೆಂಪು ಶಾಶಿಯಾ ಟೋಪಿ ಹುಟ್ಟುವುದು ಹೆಂಗಸರ ಮಡಿಲಲ್ಲಿ. ಊರ ಹೊರವಲಯದ ಅರಿಯಾನದ ಹೆಂಗಸರು ಬಿಳಿ ಉಣ್ಣೆಯಲ್ಲಿ ಚೀಲದಷ್ಟು ದೊಡ್ಡದಾಗಿ ಹೆಣೆದು ಕೊಡುತ್ತಾರೆ. ಅದನ್ನು ನದಿ ದಂಡೆಯ ಗಿರಣಿಯಲ್ಲಿ ಬಿಸಿನೀರು, ಸಾಬೂನು ಹಾಕಿ ಕುಟ್ಟಿದರೆ ಕುಗ್ಗಿ, ದಪ್ಪವಾಗಿ, ತಲೆಯ ಅಳತೆಗೆ ಬರುತ್ತದೆ. ಆಮೇಲೆ ಒಣ ಮುಳ್ಳುಹೂವಿನಿಂದ ಉಜ್ಜಿ ಜುಂಗು ಎಬ್ಬಿಸುವುದು, ಬಣ್ಣ, ಅಚ್ಚು ಎಲ್ಲ ಗಂಡಸರದು. ಹೆಣೆಯುವ ಕಡ್ಡಿಯನ್ನು ಗಂಡಸು ಮುಟ್ಟುವುದಿಲ್ಲ. ಮುಟ್ಟಿದರೆ ಈ ಬೀದಿ ಅವನ ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತದೆ.

ಭಾವನ ಅಂಗಡಿಗೆ ಮೊದಲಿನಿಂದಲೂ ಹೆಣೆದು ಕೊಡುತ್ತಿದ್ದವರು ಮನ್ನೂಬಿಯಾ ಚಿಕ್ಕಮ್ಮ. ಈ ಚಳಿಗಾಲದಲ್ಲಿ ಅವರ ಬೆರಳು ಸೆಟೆದು ನಿಂತವು. ಕೈ ನುರಿತ ಬೇರೆ ಹೆಂಗಸರೆಲ್ಲ ದೊಡ್ಡ ಅಂಗಡಿಗಳವರಿಗೆ ಮಾತು ಕೊಟ್ಟಾಗಿತ್ತು. ಟ್ರಿಪೋಲಿಯ ಸಾಹುಕಾರ ಮಿಫ್ತಾಹ್ ಪ್ರತಿ ಈದ್ ಹಬ್ಬಕ್ಕೂ ಭಾವನಿಂದಲೇ ಟೋಪಿ ಒಯ್ಯುತ್ತಿದ್ದ. ಅಂಗಡಿ ಉಸಿರಾಡುತ್ತಿದ್ದುದೇ ಆ ಒಂದು ಗಿರಾಕಿಯಿಂದ. ಆತ ಬರಿಗೈಯಲ್ಲಿ ಹೋದರೆ ಅಜ್ಜನ ಕಾಲದ ಅಂಗಡಿಗೆ ಬೀಗ. ಪ್ರವಾಸಿಗರಿಗೆ ಒಂಟೆ ಗೊಂಬೆ ಮಾರುವವನೊಬ್ಬ ಆಗಲೇ ಬಾಡಿಗೆ ವಿಚಾರಿಸಿಕೊಂಡು ಹೋಗಿದ್ದ. ಆ ಗೊಂಬೆಗಳನ್ನು ಎದುರಿಗಿಟ್ಟುಕೊಂಡು ಕಾಫಿ ಕಾಯಿಸುವುದನ್ನು ನೆನೆದರೆ ನನಗೆ ಮೈ ಉರಿಯುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಭಾವ ಬಂದು ಲೋಟ ಹಿಡಿದು ಕೂತರು. ಕಾಫಿ ಮುಗಿದರೂ ಏಳಲಿಲ್ಲ.

"ಖಮೈಸ್."

"ಹೇಳಿ ಭಾವ."

"ಏನಾದ್ರೂ ಆಯ್ತಾ?"

"ಎಲ್ಲಿ?"

"ಎಲ್ಲಾದ್ರೂ. ಯಾರಿಗಾದ್ರೂ."

ನನಗೆ ಗಾಬರಿಯಾಯಿತು. ಇಷ್ಟು ವರ್ಷದಲ್ಲಿ ಅವರು ಯಾರ ಬಗ್ಗೆಯೂ ಏನನ್ನೂ ಕೇಳಿದವರಲ್ಲ. "ಮೈ ಹುಷಾರಿದೆ ತಾನೇ?" ಎಂದೆ.

"ಹುಷಾರಿದೆ. ನೀನು ಸುದ್ದಿ ಹೇಳು."

ಸರಿ, ಸುದ್ದಿಗೇನು ಬರ. ಔಷಧಿ ಅಂಗಡಿಯವನು ಮಗಳ ಮದುವೆಗೆಂದು ಮೀಸೆಗೆ ಕಪ್ಪು ಹಚ್ಚಿಕೊಂಡು ಹಬೆಸ್ನಾನದ ಹಮ್ಮಾಮಿಗೆ ಹೋದದ್ದು, ಹಬೆಗೆ ಬಣ್ಣ ಗಲ್ಲದ ತನಕ ಇಳಿದು ಬೀಗರೇ ಅವನನ್ನು ಗುರುತು ಹಿಡಿಯದೆ ಹೋದದ್ದು, ಎಲ್ಲ ಹೇಳಿದೆ. ಭಾವ ನಗಲಿಲ್ಲ. ಪಾಠ ಒಪ್ಪಿಸುವವರ ಹಾಗೆ ತುಟಿ ಆಡಿಸುತ್ತಾ ಎದ್ದು ಹೋದರು. ಮರುದಿನ ಮತ್ತೆ ಬಂದರು. ಅದರ ಮರುದಿನವೂ.

ಅದೇ ವಾರ ಅಕ್ಕ ಮುಖ ಊದಿಸಿಕೊಂಡು ಬಂದಳು.

"ನಿಮ್ಮ ಭಾವ ಪ್ರತಿ ಭಾನುವಾರ ಗಡ್ಡ ಹೆರೆದುಕೊಂಡು, ಅತ್ತರು ಹಾಕ್ಕೊಂಡು ಎಲ್ಲಿಗೋ ಹೋಗ್ತಾರೆ ಕಣೋ. ಕೇಳಿದ್ರೆ 'ಕೆಲ್ಸ' ಅಂತಾರೆ."

"ಅವರು ಒಂದು ಮಾತು ಜಾಸ್ತಿ ಆಡಿದ್ರೆ ಅನುಮಾನ ಪಡಬೇಕು. ಕಮ್ಮಿ ಆಡಿದ್ರೆ ಯಾಕೆ?"

"ಜಾಸ್ತೀನೂ ಆಡ್ತಿದಾರೆ. ಮೊನ್ನೆ ಊಟಕ್ಕೆ ಕೂತಾಗ, 'ಔಷಧಿ ಅಂಗಡಿಯವನ ಮೀಸೆ ಕರಗಿತು' ಅಂದ್ರು. ಯಾಕೆ, ಏನು, ಒಂದೂ ಹೇಳ್ಲಿಲ್ಲ. ಯಾವಳೋ ಇದಾಳೆ. ಹೋಗಿ ನೋಡ್ಕೊಂಡು ಬಾ."

ಅಕ್ಕನ ಕಣ್ಣಲ್ಲಿ ನೀರಿತ್ತು. ಇಲ್ಲದಿದ್ದರೆ ನಾನು ಹೋಗುತ್ತಿರಲಿಲ್ಲ. ಭಾನುವಾರ ಭಾವನ ಹಿಂದೆಯೇ ಅರಿಯಾನದ ಟ್ರಾಮ್ ಹತ್ತಿ, ಗಲ್ಲಿಗಳಲ್ಲಿ ಕಳ್ಳ ಹೆಜ್ಜೆ ಹಾಕಿ, ಒಂದು ನೀಲಿ ಬಾಗಿಲಿನ ಸಂದಿಗೆ ಕಣ್ಣಿಟ್ಟೆ.

ಒಳಗೆ ಅಂಗಳ. ಸುತ್ತ ಕೂತ ಹೆಂಗಸರ ಮಡಿಲಲ್ಲಿ ಉಣ್ಣೆ. ಅವರ ನಡುವೆ, ಐದು ಕಡ್ಡಿ ಹಿಡಿದು ಬೆವರು ಸುರಿಸುತ್ತಿದ್ದ ನಮ್ಮ ಭಾವ. ಮನ್ನೂಬಿಯಾ ಚಿಕ್ಕಮ್ಮ ಅವರ ಹೆಣಿಗೆಯನ್ನು ಎತ್ತಿ ಎಳೆದು ನೋಡುತ್ತಿದ್ದರು.

"ಮತ್ತೆ ಬಿಗಿ ಆಯ್ತಲ್ಲೋ ಮಗಾ. ಹೋದ ಸಲದ್ದು ಗಿರಣಿಯಿಂದ ಹೆಂಗೆ ಬಂತು, ಮರೆತೆಯಾ?"

"ಬಾಣಲೆ ಹಂಗೆ," ಎಂದರು ಭಾವ.

"ಹಾಂ. ಉಣ್ಣೆಗೆ ಒಳಗೆ ಅಲ್ಲಾಡೋಕೆ ಜಾಗ ಬೇಕು. ಜಾಗ ಇದ್ರೆ ತಾನೇ ಒಂದಕ್ಕೊಂದು ಕೂಡೋದು? ನೀನು ತುಟಿ ಕಚ್ಕೊಂಡು ಹೆಣೀತೀಯ, ಕೈನೂ ಕಚ್ಕೊಳ್ಳತ್ತೆ. ನಮ್ಮನ್ನ ನೋಡು, ಯಾರಾದ್ರೂ ಬಾಯಿ ಮುಚ್ತೀವಾ? ಬಾಯಿ ಓಡ್ತಿದ್ರೆ ಕೈ ಹಗುರ. ಎಲ್ಲಿ, ಇವತ್ತಿನ ಸುದ್ದಿ ತೆಗಿ."

ಭಾವ ಗಂಟಲು ಸರಿ ಮಾಡಿಕೊಂಡರು. "ಒಬ್ಬನ ಮೀಸೆ ಕರಗಿತು. ಅದಕ್ಕೆ ಮುಂಚೆ ಹಮ್ಮಾಮಿಗೆ ಹೋಗಿದ್ದ."

"ಅಯ್ಯೋ ಪುಣ್ಯಾತ್ಮ, ಕೊನೇದನ್ನ ಮೊದ್ಲು ಹೇಳ್ತಾರೇನೋ? ಮೊದಲಿಂದ ಹೇಳು. ಬಣ್ಣ ಯಾಕೆ ಹಚ್ಕೊಂಡ?"

ಭಾವ ಮೊದಲಿನಿಂದ ಹೇಳಿದರು. ಮದುವೆ ಬಂತು, ಬೀಗರು ಬಂದರು. ಹಬೆಯ ಹೊತ್ತಿಗೆ ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ಭಾವನ ಕೈ ತನ್ನಷ್ಟಕ್ಕೆ ಓಡುತ್ತಿತ್ತು, ಅವರಿಗೇ ಗೊತ್ತಿಲ್ಲದ ಹಾಗೆ. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಸದ್ದು ಮಾಡದೆ ಬಾಗಿಲಿನಿಂದ ಸರಿದು, ಟ್ರಾಮ್ ಹತ್ತಿ ವಾಪಸ್ಸು ಬಂದೆ.

ಅಕ್ಕನಿಗೆ ಕಂಡದ್ದನ್ನು ಹೇಳಿದೆ. ಅವಳು ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. "ನಮಗೆ ಗೊತ್ತು ಅಂತ ಅವರಿಗೆ ಗೊತ್ತಾಗೋದು ಬೇಡ. ಅಷ್ಟು ಕಷ್ಟಪಟ್ಟು ಮುಚ್ಚಿಟ್ಟಿದಾರೆ, ಪಾಪ," ಎಂದಳು. ಆಮೇಲೆ ನಾನು ಸುದ್ದಿಗಳನ್ನು ಜಾಗ್ರತೆಯಿಂದ ಆರಿಸಿ, ಹೇಳಲು ಸುಲಭವಾಗುವ ಹಾಗೆ ಜೋಡಿಸಿ ಕೊಡತೊಡಗಿದೆ. ಗಿರಣಿಯಿಂದ ಬಂದ ಟೋಪಿಗಳು ಮೆತ್ತಗಿದ್ದವು. ಭಾವ ಅವನ್ನು ಅಚ್ಚಿನ ಮೇಲೆ ಕೂರಿಸಿ ಸವರುವುದನ್ನು ಎದುರಿನಿಂದ ನೋಡಿ ನಾನೂ ನಿರಾಳನಾದೆ.

ಆದರೆ ಸಾಹುಕಾರನ ಬೇಡಿಕೆಯ ಅರ್ಧವೂ ಮುಗಿದಿರಲಿಲ್ಲ. ಅಷ್ಟರಲ್ಲಿ ಮನ್ನೂಬಿಯಾ ಚಿಕ್ಕಮ್ಮನನ್ನು ಮಗ ಬಂದು ತನ್ನೂರು ಬಿಜರ್ಟೆಗೆ ಕರೆದುಕೊಂಡು ಹೋದ. ನೀಲಿ ಬಾಗಿಲಿಗೆ ಬೀಗ ಬಿತ್ತು. ಹೆಂಗಸರು ತಮ್ಮ ತಮ್ಮ ಮನೆ ಸೇರಿಕೊಂಡರು. ಗಂಡಸೊಬ್ಬ ಅವರ ಮನೆಗಳಿಗೆ ಹೋಗಿ ಕೂರುವುದು ಆಗದ ಮಾತು. ಭಾವ ಮನೆಯ ಮಾಳಿಗೆಯ ಮೇಲೆ ಚಿಲಕ ಹಾಕಿಕೊಂಡು ಒಬ್ಬರೇ ಹೆಣೆದರು. ಆ ಟೋಪಿಗಳು ಗಿರಣಿಯಿಂದ ಮತ್ತೆ ಬಾಣಲೆಗಳಾಗಿ ಬಂದವು. ಒಂಟೆ ಗೊಂಬೆಯವನು ಇನ್ನೊಂದು ಸಲ ಬಂದು, ಟೇಪು ಹಿಡಿದು ಅಂಗಡಿಯ ಅಗಲ ಅಳೆದು ಹೋದ.

ಮಾರನೆಯ ಮಧ್ಯಾಹ್ನ ನನ್ನ ಅಂಗಡಿ ತುಂಬಿತ್ತು. ಬೀದಿಯ ಹಿರಿಯ ಸೀ ಶಾದ್ಲಿ ಎಂದಿನ ಮೂಲೆಯಲ್ಲಿದ್ದರು. ಅವರ ನಾಲಿಗೆಗೆ ಹೆದರಿ ಅಂಗಡಿ ಬದಲಿಸಿದವರಿದ್ದಾರೆ. ಭಾವ ಒಂದು ಬಟ್ಟೆಯ ಚೀಲ ಹಿಡಿದು ಬಂದು, ನಟ್ಟನಡುವಿನ ಬೆಂಚಿನಲ್ಲಿ ಕೂತರು. ಚೀಲದಿಂದ ಉಣ್ಣೆ ತೆಗೆದರು, ಐದು ಕಡ್ಡಿ ತೆಗೆದರು, ಹೆಣೆಯತೊಡಗಿದರು.

ನಾನು ಹತ್ತಿರ ಹೋಗಿ ಪಿಸುಗುಟ್ಟಿದೆ. "ಭಾವ, ಇಲ್ಲಿ ಯಾಕೆ?"

"ಮಾತು ಇರೋದು ಇಲ್ಲೇ ಅಲ್ವಾ," ಎಂದರು ತಲೆ ಎತ್ತದೆ.

ಆದರೆ ಮಾತು ಇರಲಿಲ್ಲ. ಇಸ್ಪೀಟಿನವರ ಎಲೆ ಕೈಯಲ್ಲೇ ಉಳಿಯಿತು. ಯಾರೋ ಲೋಟ ಕೆಳಗಿಟ್ಟರು. ಎಲ್ಲರೂ ಭಾವನ ಕೈ ನೋಡುತ್ತಿದ್ದರು, ಸೀ ಶಾದ್ಲಿಯೂ. ಆ ಮೌನದಲ್ಲಿ ಭಾವನ ತುಟಿ ಒಳಗೆ ಸೇರಿತು, ಬೆರಳ ಗಂಟು ಬೆಳ್ಳಗಾಯಿತು, ನೂಲು ಬಿಗಿಯಿತು. ನನ್ನ ಕಣ್ಣೆದುರಿಗೇ ಒಂದು ಬಾಣಲೆ ತಯಾರಾಗುತ್ತಿತ್ತು.

ಗಿರಾಕಿಗಳ ಮಧ್ಯೆ ನಾನು ಎಂದೂ ಕೂತವನಲ್ಲ. ಆವತ್ತು ಭಾವನ ಪಕ್ಕದಲ್ಲಿ ಕೂತು, ಇಡೀ ಬೀದಿಗೆ ಕೇಳುವ ಹಾಗೆ ಹೇಳಿದೆ.

"ಭಾವ, ನಿಮಗೊಂದು ಸುದ್ದಿ ಗೊತ್ತಾ? ನಮ್ಮ ಅಕ್ಕ ಒಂದಿನ ನನ್ನನ್ನ ನಿಮ್ಮ ಹಿಂದೆ ಪತ್ತೇದಾರಿಕೆಗೆ ಕಳಿಸಿದ್ಲು. ಅರಿಯಾನದಲ್ಲಿ ನೀವು ಎರಡನೇ ಸಂಸಾರ ಇಟ್ಟಿದ್ದೀರಿ ಅಂತ."

ಭಾವನ ಕಡ್ಡಿ ನಿಂತಿತು. ನನ್ನ ಮುಖ ನೋಡಿದರು.

"ದಲೆಂದಾನಾ?"

"ಅತ್ತರು ಹಾಕ್ಕೊಂಡು ಹೋಗ್ತಾರೆ ಅಂತ ಅತ್ತಳು. ನಾನು ಬಾಗಿಲ ಸಂದೀಲಿ ನೋಡ್ದೆ."

ಯಾರೋ ಕಿಸಕ್ಕೆಂದರು. ಮೂಲೆಯಿಂದ ಸೀ ಶಾದ್ಲಿಯ ಒಣ ದನಿ ಬಂತು.

"ಹೆಂಗಿದ್ಳಪ್ಪ, ಆ ಎರಡನೆಯವಳು?"

ಭಾವ ಒಂದು ಕುಣಿಕೆ ಹಾಕಿದರು, ಇನ್ನೊಂದು ಹಾಕಿದರು. ಅವರ ಭುಜ ಕುಲುಕುತ್ತಿತ್ತು. ನಗುತ್ತಿದ್ದಾರೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತೇ ಹಿಡಿಯಿತು.

"ಎಂಬತ್ತು ದಾಟಿದೆ," ಎಂದರು ಭಾವ. "ಬಾಯಲ್ಲಿ ಒಂದೂ ಹಲ್ಲಿಲ್ಲ. ಆದ್ರೆ ಸೀ ಶಾದ್ಲಿ, ನೀವು ಮದುವೆಗೆ ಮುಂಚೆ ಅವರ ಬೀದೀಲಿ ಯಾರಿಗೋಸ್ಕರ ಸುತ್ತಾಡ್ತಿದ್ರಿ ಅಂತ ಎಲ್ಲಾ ಹೇಳಿದಾರೆ. ತಡೀರಿ, ಮೊದಲಿಂದ ಹೇಳ್ತೀನಿ."

ಇಸ್ಪೀಟಿನವರು ಎಲೆ ಬಿಟ್ಟು ಬೆಂಚು ಹತ್ತಿರ ಎಳೆದುಕೊಂಡರು. ಸೀ ಶಾದ್ಲಿ ಕೆಂಪಗಾಗಿ, "ಸುಳ್ಳು, ಶುದ್ಧ ಸುಳ್ಳು," ಎನ್ನುತ್ತಲೇ ತಾವೂ ಹತ್ತಿರಕ್ಕೆ ಸರಿದರು. ಭಾವ ಹೇಳುತ್ತಾ ಹೋದರು. ನಾನು ಅವರ ಬಾಯಿ ನೋಡಲಿಲ್ಲ, ಕೈ ನೋಡಿದೆ. ಕುಣಿಕೆಗಳು ಒಂದೊಂದಾಗಿ ಸಡಿಲಗೊಂಡು ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಹಗುರವಾಗಿ ಸರಿಯುತ್ತಿದ್ದವು. ಒಲೆಯ ಮೇಲೆ ನನ್ನ ಕಾಫಿ ಉಕ್ಕಿ ಬೂದಿಗೆ ಸುರಿಯುತ್ತಿತ್ತು. ಕತೆ ಮುಗಿಯುವ ತನಕ ನಾನು ಏಳಲಿಲ್ಲ.